ಖಾಲಿ ಮೊಳೆ

ನಮ್ಮ ಮನೆಯಲ್ಲಿ ಎರಡು ಪಕ್ಷ. ಅಕ್ಕನದು ಹುಟ್ಟು ಹಾಕುವವರ ಪಕ್ಷ, ನನ್ನದು ಪೆಟ್ರೋಲ್ ಪಕ್ಷ. ಅವಳು ದಿನವೂ ಬೆಳಿಗ್ಗೆ ಹಳದಿ ಕಯಾಕಿನಲ್ಲಿ ಕೆರೆಗೆ ಇಳಿಯುತ್ತಾಳೆ, ನಾನು ದಡದ ಶೆಡ್ಡಿನಲ್ಲಿ ಸ್ಪೀಡ್‌ಬೋಟುಗಳ ಎಂಜಿನ್ ರಿಪೇರಿ ಮಾಡುತ್ತೇನೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ, ಹಾಗಾಗಿ ಜಗಳದಲ್ಲಿ ಯಾವತ್ತೂ ಅವಳದೇ ಮೇಲುಗೈ. ಕೆರೆಯಲ್ಲಿ ಕಿತ್ತಳೆ ಬಣ್ಣದ ತೇಲುಬುರುಡೆಗಳ ಸಾಲೊಂದಿದೆ. ಅದರಿಂದ ದಡದ ಕಡೆಗೆ ಹುಟ್ಟು ಹಾಕುವವರು, ಆಚೆಗೆ ನನ್ನ ಗಿರಾಕಿಗಳು.

ಅವತ್ತು ಒಂಬತ್ತಕ್ಕೆ ಹಲ್ಲಿನ ಡಾಕ್ಟರು ರಿಪೇರಿಯಾದ ಬೋಟು ತೆಗೆದುಕೊಂಡು ಹೋದರು. ಅವರಷ್ಟು ಹುಷಾರಿನ ಮನುಷ್ಯ ಆ ಕೆರೆಯಲ್ಲಿ ಇನ್ನೊಬ್ಬರಿಲ್ಲ. ಕೆಂಪು ಹಗ್ಗವನ್ನು ಮಣಿಕಟ್ಟಿಗೆ ಸಿಕ್ಕಿಸದೆ ಕೀಲಿ ತಿರುಗಿಸುವವರಲ್ಲ. ಹಗ್ಗದ ಇನ್ನೊಂದು ತುದಿ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನಲ್ಲಿರುತ್ತದೆ. ಹಗ್ಗವಿಲ್ಲದೆಯೂ ಎಂಜಿನ್ ಓಡುತ್ತದೆ, ಸಿಕ್ಕಿಸಿದ್ದರೆ ಮಾತ್ರ ಓಡಿಸುವವನು ನೀರಿಗೆ ಬಿದ್ದಾಗ ಹಗ್ಗ ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ರಿಪೇರಿ ಮಾಡುವಾಗ ಮಾತ್ರ ಆ ಸ್ವಿಚ್ಚು ನಮಗೆ ಕಾಟ, ಕೈ ತಾಗಿದರೂ ಎಂಜಿನ್ ನಿಂತುಬಿಡುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಗೇಣುದ್ದದ ತಂತಿ ಸಿಕ್ಕಿಸಿ ಅದರ ಬಾಯಿ ಮುಚ್ಚಿಸುತ್ತೇವೆ, ಆಮೇಲೆ ಹಗ್ಗ ಕಿತ್ತುಬಂದರೂ ಎಂಜಿನ್ ನಿಲ್ಲುವುದಿಲ್ಲ. ಕೆಲಸ ಮುಗಿದ ಮೇಲೆ ತಂತಿ ತೆಗೆದು ಗೋಡೆಯ ಮೊಳೆಗೆ ನೇತುಹಾಕಬೇಕು.

ಒಂಬತ್ತೂಕಾಲಿಗೆ ಸ್ಪ್ಯಾನರ್ ಹುಡುಕುತ್ತಾ ತಲೆಯೆತ್ತಿದೆ. ಮೊಳೆ ಖಾಲಿ.

ತಂತಿ ಡಾಕ್ಟರ ಬೋಟಿನಲ್ಲೇ ಉಳಿದಿರಬೇಕು. ಡ್ರಾಯರ್ ಹುಡುಕಿದೆ, ಜೇಬು ಹುಡುಕಿದೆ, ಇಲ್ಲವೆಂದು ಗೊತ್ತಿದ್ದೂ ಇನ್ನೊಮ್ಮೆ ಹುಡುಕಿದೆ. ಡಾಕ್ಟರಿಗೆ ಫೋನ್ ಮಾಡಲು ನಂಬರು ತೆಗೆದವನು, ಏನಂತ ಹೇಳುವುದು ಎಂದು ಹಾಗೇ ಇಟ್ಟುಬಿಟ್ಟೆ. ಒಮ್ಮೆ ಬಾಯಿಬಿಟ್ಟರೆ ಶೆಡ್ಡಿಗೆ ಇನ್ಯಾರೂ ಬರುವುದಿಲ್ಲ. ಅಷ್ಟು ಹುಷಾರಿನ ಮನುಷ್ಯ ಬೀಳುತ್ತಾರೆಯೇ? ಹತ್ತಕ್ಕೆ ವಾಪಸು ಬಂದಾಗ ತೆಗೆದುಬಿಟ್ಟರಾಯಿತು, ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಅಕ್ಕ ಕಯಾಕನ್ನು ಹೆಗಲ ಮೇಲೆ ಹೊತ್ತು ಬಾಗಿಲಲ್ಲಿ ನಿಂತಳು. ಪೆಟ್ರೋಲ್ ಪಕ್ಷದವರು ಇವತ್ತು ಎದ್ದಿದ್ದಾರೋ ಇನ್ನೂ ಗೊರಕೆಯೋ ಎಂದು ಕೆಣಕಿದಳು. ಹೋಗಬೇಡ ಅನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳುತ್ತಾಳೆ, ಕಾರಣ ಹೇಳಬೇಕಾಗುತ್ತದೆ. ನಕ್ಕು ಕೈ ಬೀಸಿದೆ.

ಕಾರ್ಬ್ಯುರೇಟರ್ ಬಿಚ್ಚಲು ಕೂತರೆ ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಕಿವಿಯೆಲ್ಲ ಕೆರೆಯ ಕಡೆಗೇ ಇತ್ತು. ಹತ್ತಕ್ಕೆ ಇನ್ನೈದು ನಿಮಿಷವಿರುವಾಗ ಎಂಜಿನ್ನಿನ ಸದ್ದು ಏರಿಳಿತವಿಲ್ಲದೆ ಒಂದೇ ಸಮ ಕಿರುಚತೊಡಗಿತು.

ಹೊರಗೆ ಓಡಿದೆ. ಡಾಕ್ಟರು ನೀರಿನಲ್ಲಿ ಕೈ ಬೀಸುತ್ತಿದ್ದರು. ಬೋಟು ಯಾರೂ ಇಲ್ಲದೆ ಸುತ್ತು ಹೊಡೆಯುತ್ತಿತ್ತು, ಒಂದೊಂದು ಸುತ್ತಿಗೂ ಗಾಳಿ ಅದನ್ನು ದಡದ ಕಡೆಗೆ ತಳ್ಳುತ್ತಿತ್ತು. ಮೂರನೆಯ ಸುತ್ತಿಗೆ ಬುರುಡೆಗಳ ಸಾಲನ್ನೂ ದಾಟಿತು. ಆಳಿಲ್ಲದ ಬೋಟಿಗೆ ಯಾವ ಗೆರೆ?

ಅಕ್ಕ ದಡದತ್ತ ಜೀವ ಕೈಯಲ್ಲಿ ಹಿಡಿದು ಹುಟ್ಟು ಹಾಕುತ್ತಿದ್ದಳು. ನಾನು ಕೂಗಿದೆ, ನನ್ನ ದನಿ ನನಗೇ ಕೇಳಿಸಲಿಲ್ಲ. ಬೋಟು ಬಾಗಿ ಅವಳ ಕಡೆಗೇ ತಿರುಗಿತು. ಅವಳು ಹುಟ್ಟು ಎಸೆದು ಲೈಫ್ ಜಾಕೆಟ್ಟಿನ ಬಕಲ್‌ಗೆ ಕೈ ಹಾಕಿದ್ದು ಕಂಡಿತು. ಮರುಕ್ಷಣ ಬೋಟು ಕಯಾಕಿನ ಮೇಲೆ ಹರಿದುಹೋಗಿ, ಜೊಂಡಿಗೆ ನುಗ್ಗಿ, ಕೆಸರಿನಲ್ಲಿ ಕೂತು ಕೆಮ್ಮಿ ನಿಂತಿತು.

ಹಳದಿ ಚೂರುಗಳು ತೇಲಿದವು. ಆಮೇಲೆ ಅವಳ ಜಾಕೆಟ್ಟು ಮೇಲೆ ಬಂತು, ಖಾಲಿ. ಅಷ್ಟು ಭಯವನ್ನು ನಾನು ಅಮ್ಮ ಹೋದ ದಿನವೂ ಪಟ್ಟಿರಲಿಲ್ಲ. ಸೊಂಟದವರೆಗೆ ನೀರಿಗಿಳಿದಿದ್ದೆ.

ಹತ್ತು ಮಾರು ಆಚೆ ಅವಳ ತಲೆ ಎದ್ದಿತು. ತೇಲಿಸುವ ಜಾಕೆಟ್ಟು ಬಿಚ್ಚಿ ಬೋಟಿನ ಅಡಿಗೆ ಮುಳುಗಿದ್ದಳು.

ಕೆರೆಯ ಕಾವಲುಗಾರ ಡಾಕ್ಟರನ್ನು ಎತ್ತಿಕೊಂಡು ಬರುವಷ್ಟರಲ್ಲಿ ನಾನು ಜೊಂಡಿಗೆ ಹೋಗಿ ಬೋಟಿನ ಕೀಲಿ ತೆಗೆದಿದ್ದೆ, ಡ್ಯಾಶ್‌ಬೋರ್ಡಿನ ಕೆಳಗಿನ ತಂತಿಯನ್ನೂ. ಅದು ನನ್ನ ಜೇಬಿನಲ್ಲಿತ್ತು. ಹಗ್ಗ ಸ್ವಿಚ್ಚಿನಲ್ಲಿದ್ದಿದ್ದರೆ ಎಂಜಿನ್ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಅಲ್ಲಿಗೆ ಮಾತು ಮುಗಿಯಿತು ಎಂದ ಕಾವಲುಗಾರ. ಡಾಕ್ಟರ ಬೋಟಿನ ಲೈಸೆನ್ಸ್ ರದ್ದು ಮಾಡಿಸುತ್ತೇನೆಂದು ಬರೆದುಕೊಳ್ಳತೊಡಗಿದ. ಹಲ್ಲಿನ ಡಾಕ್ಟರ ಹಲ್ಲುಗಳೇ ಕಟಕಟ ಅನ್ನುತ್ತಿದ್ದವು. ಮಣಿಕಟ್ಟಿನ ಕೆಂಪು ಹಗ್ಗ ತೋರಿಸಿ, ಸಿಕ್ಕಿಸಿದ್ದೆ ಎಂದು ಅದನ್ನೇ ಹೇಳುತ್ತಿದ್ದರು.

ಶೆಡ್ಡಿನ ಬೆಂಚಿನ ಮೇಲೆ ನನ್ನ ಕೋಟು ಹೊದ್ದು ಕೂತಿದ್ದ ಅಕ್ಕ ಅವರ ಮುಖ ನೋಡಲಿಲ್ಲ. "ಮಾಡೋದೂ ಮಾಡಿ ಸುಳ್ಳು ಬೇರೆ ಹೇಳ್ತಾರೆ" ಎಂದಳು.

ತಂತಿಯನ್ನು ತೆಗೆದು ಬೆಂಚಿನ ಮೇಲಿಟ್ಟೆ. "ಅವರು ಸಿಕ್ಕಿಸಿದ್ರು ಅಕ್ಕಾ. ಇದನ್ನ ತೆಗೆಯೋಕೆ ಮರೆತೋನು ನಾನು."

ಕಾವಲುಗಾರನ ಪೆನ್ನು ನಿಂತಿತು. ಅಕ್ಕ ತಂತಿಯನ್ನು ನೋಡಿದಳು, ಗೋಡೆಯ ಮೊಳೆಯನ್ನು ನೋಡಿದಳು. ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡೆ, ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಬೆಳಿಗ್ಗೆ ನಾನು ಇಲ್ಲಿ ಬಂದು ನಿಂತಾಗ ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ.

ಅವಳು ಕೋಟು ಬಿಚ್ಚಿ, ಮಡಿಸಿ, ಬೆಂಚಿನ ಮೇಲಿಟ್ಟಳು. ಒದ್ದೆ ಬಟ್ಟೆಯಲ್ಲೇ ಮನೆಯ ದಾರಿ ಹಿಡಿದಳು.