ನಿಂತ ರೋಲರಿನ ಮುಂದೆ

"ಇವತ್ತು ಯಾವುದನ್ನ ಹೇಳ್ಲಿ?"

ಪದ್ಯದಕ್ಕ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಇಸ್ತ್ರಿಯ ದೊಡ್ಡ ರೋಲರ್ ಮಾತ್ರ. ಎಂದೂ ಆರದ ಅದು ಈಗ ತಣ್ಣಗಿತ್ತು. ಮೊನ್ನೆ ಅವಳ ನಾದಿನಿಯ ಬಲಗೈ ಒದ್ದೆ ಬೆಡ್‌ಶೀಟಿನ ಜೊತೆಗೇ ಇದರೊಳಗೆ ಹೋಗಿತ್ತು. ಯಾರೋ ಸೋಪುನೀರು ಹಾಕಿ ಉಜ್ಜಿದ್ದರು. ಆದರೂ ಅಂಚಿನಲ್ಲಿ ರವಿಕೆ ತೋಳಿನ ಕೆಂಪು ನೂಲೊಂದು ಸುಟ್ಟು ಅಂಟಿಕೊಂಡಿತ್ತು.

ಆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ, ಕೆಲಸದಲ್ಲಿ ಯಾರಿಗಾದರೂ ಪೆಟ್ಟಾದರೆ ದೇವರ ಪದ್ಯ ಹೇಳಿಸದೆ ಹೆಂಗಸರು ಆ ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಈ ಕಟ್ಟಳೆಯನ್ನು ಮಾಡಿದವರು ಯಾರೆಂದು ಯಾರಿಗೂ ತಿಳಿಯದು. ತೊಟ್ಟಿಗಳಲ್ಲಿ ಕೈಯಿಂದ ಒಗೆಯುತ್ತಿದ್ದ ಕಾಲಕ್ಕೆ ಅವಳಮ್ಮ ಹೇಳುತ್ತಿದ್ದಳು. ಅಮ್ಮನ ನಂತರ ಇವಳು; ಪದ್ಯದಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ. ಪುಸ್ತಕ ನೋಡಿ ಕಲಿತದ್ದಲ್ಲ, ಮಡಿಲಲ್ಲಿ ಮಲಗಿ ಕೇಳಿದ್ದು. ದೇವರೆಂದರೆ ಅವಳಿಗೆ ಇವತ್ತಿಗೂ ಮೊದಲು ಅಮ್ಮನ ದನಿಯೇ.

ಗಂಡ ಅಲ್ಲೇ ಬಾಯ್ಲರ್ ನೋಡಿಕೊಳ್ಳುವವನು. ದೇವರ ಹೆಸರೆತ್ತಿದರೆ ಮೂಗು ಮುರಿಯುವ ಪೈಕಿ. "ನಿಮ್ಮ ದೇವರು ಯಾವ ಪಾಳಿಗೆ ಬರ್ತಾನೆ, ಒಂದಿನ ತೋರಿಸೇ," ಎಂದು ಛೇಡಿಸುತ್ತಿದ್ದ. ಒಮ್ಮೆ ಬಾಯ್ಲರಿನ ನೆತ್ತಿಯ ಮೇಲಿನ ವಾಲ್ವ್ ತೋರಿಸಿ, ಇದು ನೀನೇ ನೋಡು, ಒಳಗೆ ಒತ್ತಡ ಏರಿದಾಗ ಸುಯ್ ಅಂತ ಹಬೆ ಬಿಟ್ಟುಬಿಡ್ತೀಯ, ಬಾಯ್ಲರ್ ಮಾತ್ರ ಇದ್ದ ಹಾಗೇ ಇರುತ್ತೆ ಎಂದಿದ್ದ. ಸಿಡಿದು ಜನ ಸಾಯೋದಕ್ಕಿಂತ ವಾಸಿ ಅಲ್ವಾ ಎಂದು ಅವಳು ನಕ್ಕಿದ್ದಳು.

ಅದೇ ಗಂಡ ಇವತ್ತು ಬೆಳಿಗ್ಗೆ ಚಹಾದ ಲೋಟ ಹಿಡಿದುಕೊಂಡು ಕುಡಿಯದೆ ಕೂತಿದ್ದ. ಕೈ ಹೋದವಳಿಗೆ ಗೇಟಿನ ಹತ್ತಿರ ಕೂತು ಮಾಡುವ ಕೆಲಸ ಕೊಡುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರಂತೆ. ಆದರೆ ರೋಲರ್ ಇವತ್ತು ತಿರುಗಲೇಬೇಕಂತೆ; ಇಲ್ಲವಾದರೆ ಹೋಟೆಲಿನವರು ಬಟ್ಟೆಗಳನ್ನು ಬೇರೆ ಕಡೆ ಕಳಿಸುತ್ತಾರೆ, ಆಮೇಲೆ ಯಾವ ಮಾತಿಗೂ ಬೆಲೆಯಿರುವುದಿಲ್ಲ. ಇಷ್ಟು ಹೇಳಿ ಅವನು ನೆಲ ನೋಡಿದ.

"ಹೇಳಿಬಿಡೇ. ಅವಳು ನನ್ನ ತಂಗಿ ಕಣೇ."

ಅವಳಿಗೆ ಆಸ್ಪತ್ರೆಯ ನೆನಪಾಗಿತ್ತು. ನಿನ್ನೆ ನಾದಿನಿಯೇ ಒಂದು ಪದ್ಯ ಹೇಳು ಎಂದಿದ್ದಳು. ಪಕ್ಕದ ಹಾಸಿಗೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಇವಳು ಹೇಳಿದಳು. ಭಾರ ಹೊರಿಸಿದವನೇ ಹೆಗಲನ್ನೂ ಕೊಟ್ಟಿದ್ದಾನೆ ಎಂಬ ಸಾಲಿಗೆ ಬಂದಾಗ ನಾದಿನಿಯ ಹಣೆಯ ಗಂಟು ಸಡಿಲಿತು. ನಿದ್ದೆ ಹತ್ತಿತೇನೋ ಎನ್ನುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಎಷ್ಟು ಚೆನ್ನಾಗಿ ಹೇಳ್ತೀಯ ಅತ್ತಿಗೆ. ಹೋದ ಸಲ ನಮ್ಮ ಜೊತೆ ಇದ್ದ ಆ ಅಜ್ಜಿ ಬೆರಳು ಇದೇ ರೋಲರಿಗೆ ಹೋದಾಗ್ಲೂ ಇದನ್ನೇ ಹೇಳಿದ್ದೆ. ಅವತ್ತು ನಾವೆಲ್ಲ ಜಾಲರಿ ಕೇಳೋಕೆ ಅಂತ ಹೊರಟಿದ್ವಿ, ಗೊತ್ತಾ? ನೀನು ಮುಗಿಸೋ ಹೊತ್ತಿಗೆ ಸಿಟ್ಟೆಲ್ಲ ಇಳಿದುಹೋಯ್ತು. ಕಣ್ಣು ಒರೆಸ್ಕೊಂಡು ಕೆಲಸಕ್ಕೆ ನಿಂತ್ವಿ."

ಬೆರಳು ಒಳಗೆ ಹೋಗದಂತೆ ರೋಲರಿನ ಬಾಯಿಗೆ ಕಟ್ಟುವ ತಂತಿಯ ಜಾಲರಿ ಅದು. ಬಟ್ಟೆ ಬೇಗ ಸಾಗಲೆಂದು ಬಿಚ್ಚಿಸಿದ್ದರು. ನಾದಿನಿಯ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಪದ್ಯದಕ್ಕ ರಾತ್ರಿ ಒಂದಿಷ್ಟು ಕಣ್ಣು ಮುಚ್ಚುತ್ತಿದ್ದಳೋ ಏನೋ.

ಮ್ಯಾನೇಜರ್ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದರು. ಒಬ್ಬ ಕುರ್ಚಿ ತಂದಿಟ್ಟು ಅದಕ್ಕೆ ಬಿಳಿ ಬಟ್ಟೆ ಹೊದಿಸಿದ; ಇನ್ನೊಬ್ಬ ಮೈಕು ನಿಲ್ಲಿಸಿದ. ಆಚೆ ಕೋಣೆಯಲ್ಲಿ ಒಗೆಯುವವರಿಗೂ ಕೇಳಿಸಲೆಂದು ಈ ಸಲ ಮೈಕು ತರಿಸಿದ್ದರು. ಹೆಂಗಸರು ಸೆರಗಿನಲ್ಲಿ ಕೈ ಒರೆಸುತ್ತಾ ಬಂದು ನಿಂತರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಾಯ್ಲರ್ ಮನೆಯ ಬಾಗಿಲಲ್ಲಿ ಗಂಡ ಕಾಣಿಸಿಕೊಂಡ.

"ಶುರು ಮಾಡೋಣ್ವಾ ಅಮ್ಮ? ಆ ಭಾರ, ಹೆಗಲು ಅಂತ ಬರುತ್ತಲ್ಲ, ಅದನ್ನೇ ಹೇಳಿ. ಅದನ್ನ ಕೇಳಿದ್ರೆ ನನಗೂ ಸಮಾಧಾನ." ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಜಾಲರಿ ಯಾವಾಗ ಕಟ್ಟಿಸುತ್ತೀರಿ ಎಂದು ಅವಳು ಕೇಳಿದಳು.

ಅದನ್ನೆಲ್ಲ ಆಮೇಲೆ ಕೂತು ಮಾತಾಡೋಣ, ಮೊದಲು ಎಲ್ಲರ ಮನಸ್ಸು ಒಂದು ನೆಲೆಗೆ ಬರಲಿ ಎಂದು ಅವರು ಮೆತ್ತಗೆ ಹೇಳಿ ಕೈಮುಗಿದು ನಿಂತರು. ಅದನ್ನು ನೋಡಿ ಹೆಂಗಸರೂ ಕೈಮುಗಿದರು. ಬಾಗಿಲಲ್ಲಿ, ಎಂದೂ ಕೈಮುಗಿಯದ ಗಂಡ, ಮಸಿ ಹಿಡಿದ ಅಂಗೈಗಳನ್ನು ಜೋಡಿಸಿ ಅವಳನ್ನೇ ನೋಡುತ್ತಿದ್ದ.

ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಕಣ್ಣು ಮುಚ್ಚಿದಳು. ಕರೆಯದೆಯೇ ಮೊದಲ ಸಾಲು ಅಮ್ಮನ ದನಿಯಲ್ಲೇ ನಾಲಗೆಯ ತುದಿಗೆ ಬಂತು. ಎಂದಿನಷ್ಟೇ ಸಿಹಿಯಾಗಿತ್ತು. ಅದನ್ನು ಹಾಗೇ ಬಾಯಲ್ಲಿ ಹಿಡಿದು ನಿಂತಳು. ಮೈಕಿನಲ್ಲಿ ಅವಳ ಉಸಿರಷ್ಟೇ ಕೇಳುತ್ತಿತ್ತು. ಆಚೆ ಕೋಣೆಯಲ್ಲಿ ಯಾರೋ ನೀರಿನ ನಲ್ಲಿ ನಿಲ್ಲಿಸಿದರು.

"ಇಲ್ಲ ಸಾರ್," ಎಂದಳು. "ನಾನು ಹೇಳಲ್ಲ."