ಹದಿನೆಂಟನೇ ತಿಂಗಳು

ಕುರಿ ರೋಗ ತಡೆ ಯೋಜನೆಯ ಮಧುಗಿರಿ ಕಚೇರಿಗೆ ಕಂಪ್ಯೂಟರ್ ಬಂದದ್ದು ೧೯೮೭ರಲ್ಲಿ. ಅದರ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿದರು, ಚಪ್ಪಲಿ ಹೊರಗೆ ಬಿಡಬೇಕೆಂದು ಚೀಟಿ ಅಂಟಿಸಿದರು. ಬೆಂಗಳೂರಿನಲ್ಲಿ ಮೂರು ತಿಂಗಳ ತರಬೇತಿ ಪಡೆದು ಬಂದಿದ್ದವನು ಅಂಕಿಅಂಶ ಸಹಾಯಕ ರೇಣುಕಯ್ಯ ಒಬ್ಬನೇ. ಹಾಗಾಗಿ ಪ್ರೋಗ್ರಾಮು ಬರೆಯುವ ಕೆಲಸವೂ ಅವನ ಪಾಲಿಗೆ ಬಂತು.

ಅವನು ಮೊದಲು ಮಧುಗಿರಿ ತಾಲ್ಲೂಕಿನ ಲಸಿಕೆಯ ಲೆಕ್ಕ ತುಂಬಲು ಕಂಪ್ಯೂಟರಿನಲ್ಲಿ ಒಂದು ಪರದೆ ಮಾಡಿದ. ನೀಲಿ ಹಿನ್ನೆಲೆಯ ಮೇಲೆ ಬಿಳಿ ಗೆರೆಯ ಚೌಕಟ್ಟು. ಅದರೊಳಗೆ ಕುರಿಯವರ ಹೆಸರಿಗೆ, ಊರಿಗೆ, ಕುರಿಗಳ ಸಂಖ್ಯೆಗೆ, ಲಸಿಕೆಯ ತಾರೀಖಿಗೆ ಒಂದೊಂದು ಖಾನೆ. ಕೆಳಗೆ ಎರಡು ಗುಂಡಿಗಳ ಚಿತ್ರ, ಒಂದು ತುಂಬಿದ್ದನ್ನು ಉಳಿಸಲು, ಇನ್ನೊಂದು ಉಳಿಸದೆ ಬಿಡಲು. ಬಾಣದ ಕೀಲಿ ಒತ್ತಿದರೆ ಬೆಳಕು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಯೋಜನೆಯ ಮುಖ್ಯಸ್ಥರಾದ ಡಾಕ್ಟರ್ ನಾಗಲಿಂಗಯ್ಯನವರು ಅದನ್ನು ನಾಲ್ಕು ಸಲ ಒತ್ತಿಸಿ ನೋಡಿದರು.

"ಚೆನ್ನಾಗಿದೆ. ಶಿರಾ, ಕೊರಟಗೆರೆ, ಪಾವಗಡಕ್ಕೂ ಹೀಗೇ ಮಾಡ್ಬಿಡಿ," ಎಂದರು.

ರೇಣುಕಯ್ಯ ಹಾಗೇ ಮಾಡಿದ. ಬರೆದದ್ದನ್ನು ಮೂರು ಸಲ ನಕಲು ಮಾಡಿ ತಾಲ್ಲೂಕಿನ ಹೆಸರು ಬದಲಿಸಿದ. ಆಮೇಲೆ ಮಂದೆಗಳ ವಿವರಕ್ಕೆ ನಾಲ್ಕು, ಕಾಯಿಲೆಗಳಿಗೆ ನಾಲ್ಕು ಪರದೆ ಬಂದವು. ಒಟ್ಟು ಹನ್ನೆರಡು ಪರದೆ, ಸುಮಾರು ಎರಡು ಸಾವಿರ ಸಾಲು. ಪ್ರತಿ ಚೌಕಟ್ಟಿನ ಪ್ರತಿ ಗೆರೆಯನ್ನೂ ಪ್ರತಿ ಸಲವೂ ಹೊಸದಾಗಿ ಎಳೆಯುವ ಸಾಲುಗಳು. ಕೆಲಸ ಬೇಗ ಮುಗಿದದ್ದು ಅವನಿಗೆ ಖುಷಿಯನ್ನೇ ಕೊಟ್ಟಿತ್ತು.

ಮರುವರ್ಷ ಜುಲೈ ಕೊನೆಯಲ್ಲಿ ಲಸಿಕೆ ಹಾಕುವ ಬೈಲಪ್ಪ ಬಂದು ಅವನ ಮೇಜಿನ ಮುಂದೆ ನಿಂತ.

"ಸಾ, ಬುಕ್ಕಾಪಟ್ಟಣದಾಚೆ ಹಟ್ಟಿನಾಗೆ ಕ್ಯಾತಣ್ಣನ ಮರಿಗಳು ಸತ್ತೋಗವೆ. ಇಪ್ಪತ್ಮೂರು. ಕರುಳುಬೇನೆ. ಮಳೆಗೆ ಮುಂಚೆ ಎರಡನೇ ಸೂಜಿ ಯಾಕೆ ಹಾಕ್ಲಿಲ್ಲ ಅಂತ ಕೇಳ್ತಾವ್ನೆ."

"ನೀನ್ಯಾಕೆ ಹೋಗ್ಲಿಲ್ಲ?"

"ಪಟ್ಟಿನಾಗೆ ಆ ಹಟ್ಟಿ ಹೆಸ್ರೇ ಇರ್ಲಿಲ್ಲ ಸಾ."

ಪಟ್ಟಿ ತೆಗೆಯುವುದು ಕಂಪ್ಯೂಟರ್. ಬುಕ್ಕಾಪಟ್ಟಣ ಇರುವುದು ಶಿರಾ ತಾಲ್ಲೂಕಿನಲ್ಲಿ. ರೇಣುಕಯ್ಯ ಅಲ್ಲಿನ ಲಸಿಕೆ ಪರದೆಯ ಪ್ರೋಗ್ರಾಮಿನ ಸಾಲುಗಳನ್ನು ತೆರೆದು ನೋಡಿದ. ಮೊದಲ ಸೂಜಿಯ ತಿಂಗಳಿಗೆ ಆರು ಕೂಡಿಸಿ ಎರಡನೆಯದರ ತಿಂಗಳು ತೆಗೆಯುವ ಸಾಲು ಅಲ್ಲಿತ್ತು. ಕ್ಯಾತಣ್ಣನ ಮಂದೆಗೆ ಮೊದಲ ಸೂಜಿ ಬಿದ್ದದ್ದು ಡಿಸೆಂಬರಿನಲ್ಲಿ. ಹನ್ನೆರಡಕ್ಕೆ ಆರು ಕೂಡಿ ಹದಿನೆಂಟು. ಯಂತ್ರ ಎಂದೂ ಬಾರದ ಹದಿನೆಂಟನೇ ತಿಂಗಳಿಗಾಗಿ ಸುಮ್ಮನೆ ಕಾಯುತ್ತಿತ್ತು.

ಈ ತಪ್ಪು ಅವನಿಗೆ ಹೊಸದಲ್ಲ. ಫೆಬ್ರವರಿಯಲ್ಲೇ ಕಂಡುಹಿಡಿದು ನಾಲ್ಕೂ ತಾಲ್ಲೂಕಿಗೆ ತಿದ್ದಲು ಕೂತಿದ್ದ. ಶಿರಾದ್ದನ್ನು ತಿದ್ದುತ್ತಿದ್ದಾಗ ಕರೆಂಟು ಹೋಗಿತ್ತು. ಬಂದ ಮೇಲೆ, ಅದು ಉಳಿದಿದೆ ಎಂದುಕೊಂಡು ಕೊರಟಗೆರೆಗೆ ಹೋಗಿದ್ದ. ಅವನು ಆ ಸಾಲನ್ನು ತಿದ್ದಿ, ಉಳಿದಿದೆಯೇ ಎಂದು ಮತ್ತೆ ತೆರೆದು ನೋಡಿದ. ಪಕ್ಕದಲ್ಲಿ, ಕಂಪ್ಯೂಟರಿಗೆ ಅಂಕಿ ತುಂಬುವ ಹೊನ್ನಕ್ಕ ತನ್ನ ಸರದಿಗೆ ಕಾಯುತ್ತಿದ್ದಳು. ತೋವಿನಕೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಆಕೆ ಹಿಂದೆ ಟೈಪಿಸ್ಟ್ ಆಗಿದ್ದವಳು.

ಮರುದಿನ ರೇಣುಕಯ್ಯ ಬೈಲಪ್ಪನ ಜೊತೆ ಬುಕ್ಕಾಪಟ್ಟಣಕ್ಕೆ ಹೋದ. ಬೈಲಪ್ಪ ಉಳಿದ ಕುರಿಗಳಿಗೆ ಸೂಜಿ ಹಾಕುತ್ತಿರುವಾಗ, ಇವನು ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಯ ಹತ್ತಿರ ಕ್ಯಾತಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದ. ಕ್ಯಾತಣ್ಣ ಅರವತ್ತು ದಾಟಿದವನು, ಹೆಗಲ ಮೇಲೆ ಕಂಬಳಿ. ಒಂದು ಕುರಿಯ ಹಿಂಗಾಲು ಹಿಡಿದುಕೊಂಡೇ ಕೇಳಿಸಿಕೊಂಡ.

"ಅಂಗಾದ್ರೆ ತಪ್ಪು ಬೈಲಪ್ಪನ್ದಲ್ಲ."

"ಅಲ್ಲ, ನಂದು. ಮೂರು ಕಡೆ ತಿದ್ದಿದ್ದೆ, ನಿಮ್ಮ ತಾಲ್ಲೂಕಿಂದು ಬಿಟ್ಟೋಯ್ತು."

"ಮೂರು ಕಡೆ ಅಂದ್ರೆ? ಸೂಜಿ ಒಂದೇ, ಕಾಯ್ಲೆ ಒಂದೇ. ಬರ್ಕೊಳೋದು ಮಾತ್ರ ನಾಕು ಕಡೆ ಬ್ಯಾರೆ ಬ್ಯಾರೆ ಯಾಕಪ್ಪ?"

"ಆಗ ಅದೇ ಸುಲಭ ಅನ್ನಿಸ್ತು," ಎಂದ ರೇಣುಕಯ್ಯ.

ಕ್ಯಾತಣ್ಣ ಕುರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದ. "ಬಂದು ಏಳಿದ್ಯಲ್ಲ, ಆಗ್ಲಿ. ನನ್ನ ಮಗಳು ಆ ಮರಿಗಳ್ನ ಮನೆವೊಳಗೆ ಮಡಿಕ್ಕಂಡು ಸಾಕಿದ್ಲು. ಅವಳ್ಗೂ ಒಂದು ಮಾತು ಏಳ್ಬುಟ್ಟು ಓಗು."

ಮಗಳು ಕರಿಯಕ್ಕ ಒಲೆಯ ಮುಂದೆ ಇದ್ದಳು. ರೇಣುಕಯ್ಯ ಬಾಗಿಲಲ್ಲಿ ನಿಂತು ಅದೇ ಮಾತನ್ನು ಮತ್ತೆ ಹೇಳಿದ. ಅವಳು ಒಲೆಗೆ ಸೌದೆ ನೂಕುತ್ತ ಕೇಳಿಸಿಕೊಂಡಳು. ಕೊನೆಗೆ ಒಂದು ಚೊಂಬು ಮಜ್ಜಿಗೆ ತಂದು ಹೊಸಿಲ ಮೇಲಿಟ್ಟು ಒಳಗೆ ಹೋದಳು. ಕುಡಿಯಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ಕುಡಿದ.

ಕಚೇರಿಗೆ ಮರಳಿದ ಮೇಲೆ ನೇರವಾಗಿ ನಾಗಲಿಂಗಯ್ಯನವರ ಕೋಣೆಗೆ ಹೋದ. ಹನ್ನೆರಡು ಪರದೆಗಳನ್ನೂ ಬಿಚ್ಚಿ ಮತ್ತೆ ಬರೆಯಲು ಮೂರು ವಾರ ಬೇಕೆಂದ.

"ನಡೀತಿರೋದನ್ನ ಯಾಕ್ರೀ ಬಿಚ್ತೀರಿ? ಆ ಒಂದು ಸಾಲು ಸರಿಮಾಡಿ, ಸಾಕು."

"ಸರಿಮಾಡಿದೀನಿ ಸಾರ್. ಆದ್ರೆ ಅದೇ ಸಾಲು ನಾಲ್ಕು ಕಡೆ ಇದೆ. ಮುಂದಿನ ಸಲ ನಾಲ್ಕನ್ನೂ ನೆನಪಿಟ್ಕೊಂಡು ತಿದ್ತೀನಿ ಅಂತ ನನಗೇ ನಂಬಿಕೆ ಇಲ್ಲ."

"ಅಲ್ಲೀವರೆಗೆ ಕೆಲಸ?"

ಬಾಗಿಲ ಹತ್ತಿರ ನಿಂತಿದ್ದ ಹೊನ್ನಕ್ಕ, "ಮೂರು ವಾರ ನಾನು ಕೈಯಲ್ಲಿ ಬರೀತೀನಿ ಸಾರ್," ಎಂದಳು. ಡಾಕ್ಟರು ಇಬ್ಬರನ್ನೂ ನೋಡಿ ಒಪ್ಪಿದರು.

ಮೊದಲ ದಿನ ರೇಣುಕಯ್ಯ ಎಲ್ಲ ಸಾಲುಗಳನ್ನೂ ಕಾಗದದ ಮೇಲೆ ಮುದ್ರಿಸಿ ತೆಗೆದ. ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ಕಣ್ಣಲ್ಲೇ ಹುಡುಕಿ ಮಧ್ಯಾಹ್ನದ ಹೊತ್ತಿಗೆ ಸುಸ್ತಾದ. ಹೊನ್ನಕ್ಕ ಎದ್ದು ಕಿಟಕಿಯ ದಪ್ಪ ಪರದೆ ಸರಿಸಿದಳು. ಎದುರಿನ ಬೆಟ್ಟದ ಬೋಳು ಬಂಡೆಯಿಂದ ಬೆಳಕು ಒಳಗೆ ಬಿತ್ತು. ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ಗಾಜಿಗೆ ಒತ್ತಿ ಹಿಡಿದಳು.

"ಇಂಗೆ ನೋಡಿ. ಒಂದೇ ಇರೋದು ಒಂದಾಗಿ ಕಾಣ್ತೈತೆ. ಬ್ಯಾರೆ ಇರೋದು ಕಲಸ್ಕಂತೈತೆ."

ಕಲಸಿಕೊಂಡ ಜಾಗಗಳಿಗೆಲ್ಲ ಅವರು ಕೆಂಪು ಶಾಯಿ ಹಾಕುತ್ತ ಹೋದರು. ಮೂರು ದಿನದಲ್ಲಿ ಎರಡು ಸಾವಿರ ಸಾಲೂ ಮುಗಿಯಿತು. ನಿಜವಾಗಿ ಬೇರೆಯಾಗಿದ್ದದ್ದು ಅರ್ಧ ಹಾಳೆಯಷ್ಟೇ. ತಾಲ್ಲೂಕಿನ ಹೆಸರು, ಖಾನೆಗಳ ಹೆಸರು, ಎಷ್ಟನೇ ಸಾಲಿನಲ್ಲಿ ಎಷ್ಟು ಅಕ್ಷರದ ಜಾಗ. ಜೊತೆಗೆ ಅವನಿಗೆ ಗೊತ್ತೇ ಇಲ್ಲದ ಒಂದು ತಪ್ಪೂ ಸಿಕ್ಕಿತು. ಕೊರಟಗೆರೆಯ ಒಂದು ಪರದೆಯಲ್ಲಿ ಉಳಿಸುವ ಗುಂಡಿಯೂ ಬಿಡುವ ಗುಂಡಿಯೂ ಅದಲುಬದಲಾಗಿದ್ದವು.

"ಗೊತ್ತಿತ್ತು," ಎಂದಳು ಹೊನ್ನಕ್ಕ. "ಅಲ್ಲಿಗೆ ಬಂದಾಗ ನಾನೇ ಉಲ್ಟಾ ಒತ್ತೀನಿ."

"ಹೇಳಬಾರದಿತ್ತಾ?"

"ಅದು ಅಂಗೇ ಇರ್ಬೇಕೇನೋ ಅಂದ್ಕಂಡಿದ್ದೆ."

ಚೌಕಟ್ಟು ಎಳೆಯುವುದನ್ನು, ಖಾನೆ ತುಂಬಿಸಿಕೊಳ್ಳುವುದನ್ನು, ಗುಂಡಿ ತೋರಿಸುವುದನ್ನು, ತಾರೀಖು ಲೆಕ್ಕ ಹಾಕುವುದನ್ನು ರೇಣುಕಯ್ಯ ಈಗ ಒಂದೊಂದೇ ಸಲ ಬರೆದ. ಯಾವ ಪರದೆಯಾದರೂ ಬೇಕಾದಾಗ ಅವನ್ನೇ ಕರೆದು ಬಳಸಿಕೊಳ್ಳುವಂತೆ ಮಾಡಿದ. ಬೇರೆಯಾದದ್ದೆಲ್ಲ ಒಂದು ಸಣ್ಣ ಪಟ್ಟಿಗೆ ಹೋಯಿತು. ಪಾವಗಡದ ಮಂದೆ ಪರದೆಗೆ ಬಂದಾಗ ಅಲ್ಲೊಂದು ಹೆಚ್ಚಿನ ಖಾನೆ ಕಂಡಿತು. ಉಳಿದ ಮೂರರಲ್ಲಿ ಇಲ್ಲದ್ದು. ಇದೂ ತಪ್ಪೇ ಇರಬೇಕೆಂದು ಅದರ ಮೇಲೆ ಗೀಟು ಎಳೆದ.

"ಅದನ್ನ ತೆಗೀಬ್ಯಾಡಿ," ಎಂದಳು ಹೊನ್ನಕ್ಕ. "ಆ ಕಡೆ ಮಂದೆಗಳು ಬ್ಯಾಸಿಗೇಲಿ ಆಂಧ್ರಕ್ಕೆ ಓಗ್ತವೆ. ಯಾವಾಗ ಓಗ್ತವೆ, ಯಾವಾಗ ಬತ್ತವೆ ಅಂತ ಬರ್ಕಳಾಕೆ ನೀವೇ ಸೇರಿಸಿದ್ರಿ. ಬೈಲಪ್ಪ ಕೇಳಿದ್ದ."

ರೇಣುಕಯ್ಯನಿಗೆ ಅದು ನೆನಪೇ ಇರಲಿಲ್ಲ. ಎಲ್ಲವನ್ನೂ ಒಂದೇ ಮಾಡುವ ಉತ್ಸಾಹದಲ್ಲಿ ಮತ್ತೊಂದು ತಾಲ್ಲೂಕಿನ ಕುರಿಗಳನ್ನು ಕಳೆಯುತ್ತಿದ್ದೆನಲ್ಲ ಎಂದುಕೊಂಡ. ಆ ಖಾನೆಯನ್ನು ಪಾವಗಡದ ಪಟ್ಟಿಯಲ್ಲಿ ಉಳಿಸಿದ. ಅಂದಿನಿಂದ ಯಾವುದನ್ನು ಹೊಡೆದು ಹಾಕುವ ಮುಂಚೆಯೂ ಹೊನ್ನಕ್ಕನನ್ನು ಕೇಳಿದ.

ಹೊಸ ಪ್ರೋಗ್ರಾಮು ಮುನ್ನೂರೈವತ್ತು ಸಾಲಿನದಾಯಿತು. ನೋಡಲು ಹಳೆಯದರಂತೆಯೇ ಇತ್ತು. ಡಾಕ್ಟರು ಬಾಣದ ಕೀಲಿಯನ್ನು ಎರಡು ಸಲ ಒತ್ತಿ, "ಏನೂ ಬದಲಾಗಿಲ್ವಲ್ಲ?" ಎಂದರು. "ಇಲ್ಲ ಸಾರ್," ಎಂದ ರೇಣುಕಯ್ಯ. ಡಿಸೆಂಬರಿನಲ್ಲಿ ಮೊದಲ ಸೂಜಿ ಬಿದ್ದ ಮಂದೆಗಳ ಪಟ್ಟಿಯನ್ನು ಅವನೂ ಹೊನ್ನಕ್ಕನೂ ಲಸಿಕೆ ಹಾಕಿದಾಗಿನ ಕೈಬರಹದ ಪುಸ್ತಕದ ಜೊತೆ ಹೆಸರು ಹೆಸರಾಗಿ ತಾಳೆ ನೋಡಿದರು. ಒಂದು ಹಟ್ಟಿಯೂ ತಪ್ಪಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವನು ತಂಗಿಯ ಮದುವೆಗೆಂದು ಹತ್ತು ದಿನ ರಜೆ ಹೋದ. ಆಗಲೇ ಆಡುಗಳನ್ನೂ ಬರೆದುಕೊಳ್ಳಬೇಕೆಂಬ ಆದೇಶ ಬಂತು. ಅವನು ಬರುವವರೆಗೆ ಕಾಯೋಣ ಎಂದರು ಡಾಕ್ಟರು. ಹೊನ್ನಕ್ಕ ಸಣ್ಣ ಪಟ್ಟಿಯ ಫೈಲು ತೆರೆದು ಕುರಿಯ ಖಾನೆಗಳನ್ನು ನೋಡಿ ನೋಡಿ ಆಡಿನದನ್ನು ಬರೆದಳು. ಮೊದಲ ಸಲ ಚೌಕಟ್ಟು ಪರದೆಯಿಂದಾಚೆ ಹೋಯಿತು. ಒಂದು ಅಂಕಿ ಬದಲಿಸಿ ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ನೀಲಿಯ ಮೇಲೆ ಬಿಳಿ ಗೆರೆಗಳು ಸರಿಯಾಗಿ ಮೂಡಿದವು. ಅವಳು ಬೈಲಪ್ಪನನ್ನು ಕರೆದು, "ಆಡು ಇರೋರ ಹೆಸ್ರು ಒಂದೊಂದಾಗಿ ಏಳು," ಎಂದು ಕುರ್ಚಿ ಮುಂದೆ ಎಳೆದುಕೊಂಡಳು.