ಐದು ಕಡ್ಡಿಯ ನೆಲಮಾಳಿಗೆ

ಜೂನ್ ಹನ್ನೆರಡರ ಸಂಜೆ ಆ ಬೀದಿಯ ಮೂವತ್ತೊಂದು ಮನೆಗಳ ಪೈಕಿ ಮೂವತ್ತರಿಂದ ಒಂದು ಕರೆಯೂ ಹೊರಡಲಿಲ್ಲ. ಫೋನುಗಳ ಮೇಲೆ ಸಿಗ್ನಲ್ ಕಡ್ಡಿಗಳೇನೋ ಇದ್ದವು. ಕರೆ ಮಾತ್ರ ಹೋಗದು. ಹೋಗುತ್ತಿದ್ದದ್ದು ದರ್ಜಿ ಮಾಸ್ತರರ ನೆಲಮಾಳಿಗೆಯ ಅಂಗಡಿಯಿಂದ ಮಾತ್ರ.

ಮಾಸ್ತರರು ಅದನ್ನು ತಮ್ಮ ಜಾಣತನವೆಂದೇ ಬಗೆದಿದ್ದರು. ಮೊದಲೆಲ್ಲ ಗಿರಾಕಿಯ ಕರೆ ಹಿಡಿಯಲು ಅವರು ಗುಂಡುಸೂಜಿ ಕಚ್ಚಿಕೊಂಡೇ ಮೆಟ್ಟಿಲೇರಿ ಬೀದಿಗೆ ಬರಬೇಕಿತ್ತು. ಹಿಂದಿನ ದಿನವಷ್ಟೇ ಪೇಟೆಯಲ್ಲಿ ಸಿಕ್ಕಿದ ಸಿಗ್ನಲ್ ಬೂಸ್ಟರ್ ಎಂಬ ಡಬ್ಬಿಯನ್ನು ತಂದು, ಅದರ ಆಂಟೆನಾವನ್ನು ತಾರಸಿಯ ಮೇಲೆ ನಿಲ್ಲಿಸಿದರು. ಅಂದಿನಿಂದ ನೆಲಮಾಳಿಗೆಯಲ್ಲೂ ಐದೂ ಕಡ್ಡಿ ತುಂಬಿದವು.

ಆ ಸಂಜೆ ಎದುರು ಮನೆಯ ಮಹಡಿಯಲ್ಲಿ ಅವರ ಅಕ್ಕನಿಗೆ ಉಬ್ಬಸ ಕೆರಳಿತು. ಒಂಟಿ ಜೀವ. ಆಂಬುಲೆನ್ಸಿಗೆ ಫೋನ್ ಮಾಡಿದರು, ಹೋಗಲಿಲ್ಲ. ತಮ್ಮನಿಗೆ ಮಾಡಿದರು, ಅದೂ ಹೋಗಲಿಲ್ಲ. ಕೊನೆಗೆ ತಟ್ಟೆಯನ್ನು ಕಿಟಕಿಯ ಸರಳಿಗೆ ಬಡಿದರು. ಸದ್ದು ಕೇಳಿ ಓಡಿಬಂದ ನೆರೆಯವರು ಆಸ್ಪತ್ರೆ ಮುಟ್ಟಿಸಿದ್ದರಿಂದ ಜೀವ ಉಳಿಯಿತು. ಎರಡು ದಿನದಲ್ಲಿ ಮನೆಗೆ ಕಳಿಸುವುದಾಗಿ ಹೇಳಿದ ವೈದ್ಯರು ಒಂದು ಎಚ್ಚರಿಕೆಯನ್ನೂ ಕೊಟ್ಟರು: ಈಕೆಯ ಕೈಯಲ್ಲಿರುವ ಫೋನ್ ಕೆಲಸ ಮಾಡುತ್ತಲೇ ಇರಬೇಕು, ಇನ್ನೊಮ್ಮೆ ಹೀಗಾದರೆ ತಟ್ಟೆ ಬಡಿಯುವಷ್ಟು ಕಸುವು ಉಳಿದಿರಲಿಕ್ಕಿಲ್ಲ.

ಮಾಸ್ತರರು ಅಕ್ಕನಿಗಾದದ್ದನ್ನು ಹೇಳಿ ಫೋನ್ ಕಂಪನಿಗೆ ದೂರು ಕೊಟ್ಟು ಹಿಡಿಶಾಪ ಹಾಕಿದರು. ಮರುದಿನ ಕಂಪನಿಯ ಇಂಜಿನಿಯರ್ ಬಂದಳು. ಮೀನಿನ ಮುಳ್ಳಿನಂಥ ಆಂಟೆನಾವನ್ನು ಮನೆಮನೆಯ ಕಡೆಗೆ ತಿರುಗಿಸುತ್ತ ಬಂದವಳು ಅಂಗಡಿಯ ಬಾಗಿಲಲ್ಲಿ ನಿಂತಳು.

"ಮಾಸ್ಟ್ರೇ, ಬೀದಿಯ ಬಾಯಿ ಕಟ್ಟಿರೋದು ನಿಮ್ಮ ತಾರಸಿ ಮೇಲಿನ ಆಂಟೆನಾ."

"ನಂದು ಐದೂ ಕಡ್ಡಿ ತುಂಬಿದೆ ನೋಡಮ್ಮ. ಕೆಟ್ಟಿರೋದು ನಿಮ್ಮ ಟವರ್. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಆಕೆ ನಕ್ಕು, ಬಟ್ಟೆ ಕತ್ತರಿಸುವ ಮೇಜಿನ ಬಳಿ ಕುಳಿತಳು. ಟವರಿನ ಮಾತು ಫೋನಿಗೆ ಎಷ್ಟು ಕೇಳುತ್ತಿದೆ ಎಂಬುದನ್ನಷ್ಟೇ ಕಡ್ಡಿಗಳು ತೋರಿಸುತ್ತವೆ, ಫೋನಿನ ಮಾತು ಟವರಿಗೆ ಕೇಳುತ್ತಿದೆಯೇ ಎಂಬುದನ್ನಲ್ಲ ಎಂದಳು. ಮಲಗುವ ಕೋಣೆಯ ಪುಟ್ಟ ದೀಪಕ್ಕೆ ಬೇಕಾದುದರ ಅರ್ಧದಷ್ಟು ಶಕ್ತಿಯೂ ಫೋನಿನ ದನಿಗಿಲ್ಲ. ಅಂಥ ನೂರಾರು ಪಿಸುಮಾತುಗಳನ್ನು ದೂರದ ಟವರ್ ಒಂದೊಂದಾಗಿ ಬಿಡಿಸಿ ಕೇಳುತ್ತದೆ. ಒಂದೊಂದು ಫೋನಿಗೂ ಅದು, ನೀನು ಹತ್ತಿರವಿದ್ದೀ, ಮೆಲ್ಲಗೆ. ನೀನು ದೂರ, ತುಸು ಜೋರಾಗಿ. ಈಗ ನಿನ್ನ ಸರದಿ ಎಂದು ಸೆಕೆಂಡಿಗೆ ನೂರಾರು ಬಾರಿ ಹೇಳುತ್ತದೆ. ಫೋನುಗಳು ಚಾಚೂ ತಪ್ಪದೆ ಪಾಲಿಸುತ್ತವೆ. ಫೋನ್ ತಯಾರಿಸಿದವರೊಬ್ಬರು, ಟವರ್ ತಯಾರಿಸಿದವರು ಇನ್ನೊಬ್ಬರು. ಪರಸ್ಪರ ಮುಖ ಕಂಡವರಲ್ಲ. ಆದರೂ ಹೊಂದಿಕೊಳ್ಳುವುದು ಹೇಗೆಂದರೆ, ಹಲವು ದೇಶಗಳವರು ಒಟ್ಟಿಗೆ ಕುಳಿತು ಬರೆದ ನಿಯಮ ಒಂದೇ. ಅದಕ್ಕೆ ಮಾನದಂಡ ಎನ್ನುತ್ತಾರೆ.

"ಅಳತೆ ಟೇಪಿನ ಹಾಗೆ," ಎಂದರು ಮಾಸ್ತರರು, ತಮಗೇ ಹೇಳಿಕೊಳ್ಳುವಂತೆ. ಅವರು ಇಲ್ಲಿ ಕತ್ತರಿಸಿದ ತೋಳನ್ನು ಸೊಸೆ ಮೇಲಿನ ಕೋಣೆಯಲ್ಲಿ ಹೊಲಿಯುತ್ತಿದ್ದಳು. ಇಬ್ಬರ ಇಂಚೂ ಒಂದೇ ಆದುದರಿಂದಲೇ ತೋಳು ಹೆಗಲಿಗೆ ಕೂರುತ್ತಿತ್ತು.

"ಅದೇ. ನಿಮ್ಮ ಡಬ್ಬಿಗೆ ಆ ಟೇಪೇ ಇಲ್ಲ. ಸರದಿ ಗೊತ್ತಿಲ್ಲ, ಮೆಲ್ಲಗೆ ಅಂದರೆ ಗೊತ್ತಿಲ್ಲ. ಟವರಿನ ಕಿವಿಗೆ ಬಾಯಿಟ್ಟು ಅರಚ್ತಾ ಇದೆ. ಅದರ ಮಧ್ಯೆ ನಿಮ್ಮ ಅಕ್ಕನ ದನಿ ಎಲ್ಲಿ ಕೇಳಬೇಕು?"

ಅಂಗಡಿಯ ಗಾಳಿಯಲ್ಲಿ ನೂಲಿನ ಧೂಳಲ್ಲದೆ ಬೇರೇನೂ ಇಲ್ಲವೆಂದು ಮಾಸ್ತರರು ನಂಬಿದ್ದರು. ಹೊರಗೆ ಬಂದು ತಲೆಯೆತ್ತಿದರು. ಬರಿದಾಗಿ ಕಾಣುವ ಈ ಬಯಲಲ್ಲಿ ಬೀದಿಯವರೆಲ್ಲರ ಮಾತು ಗೋಡೆ ದಾಟಿ, ಬಟ್ಟೆ ದಾಟಿ, ತಮ್ಮ ಮೈಯನ್ನೂ ದಾಟಿ, ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತ ಸಾಗುತ್ತಿದೆಯಲ್ಲ ಎಂದು ನೆನೆದು ಅವರ ಮೈ ಜುಮ್ಮೆಂದಿತು.

"ಹಾಗಾದ್ರೆ ನನ್ನ ಗಿರಾಕಿಗಳ ಗತಿ?" ಎಂದು ಕೇಳಿದರು, ದನಿ ತಗ್ಗಿಸಿ.

ಮನೆಯಲ್ಲಿರುವ ಇಂಟರ್‌ನೆಟ್ಟಿನ ತಂತಿಯನ್ನು ನೆಲಮಾಳಿಗೆಗೆ ಎಳೆದು ಅಲ್ಲೊಂದು ವೈಫೈ ಇಡಿ, ಫೋನಿನಲ್ಲಿ ವೈಫೈ ಕರೆಯನ್ನು ಚಾಲೂ ಮಾಡಿ ಎಂದಳಾಕೆ. ಅದೂ ಸಾಲದಿದ್ದರೆ ಕಂಪನಿಗೆ ಅರ್ಜಿ ಕೊಡಿ; ಒಪ್ಪಿಗೆ ಪಡೆದ ಸಾಧನವನ್ನು ಅವರೇ ಕೂರಿಸುತ್ತಾರೆ. ಮಾಸ್ತರರು ತಮ್ಮ ಕೈಯಾರೆ ಡಬ್ಬಿಯ ಪ್ಲಗ್ಗು ಕಿತ್ತರು. ಬೀದಿಯ ಫೋನುಗಳು ಅಲ್ಲೊಂದು ಇಲ್ಲೊಂದು ರಿಂಗಣಿಸತೊಡಗಿದವು.

ಮನೆಗೆ ಮರಳಿದ ಅಕ್ಕ ಹಾಸಿಗೆಯಿಂದಲೇ ಫೋನ್ ಮಾಡಿದರು. ವೈಫೈ ಕೂರಿಸಿದ ನೆಲಮಾಳಿಗೆಯಲ್ಲಿದ್ದ ಮಾಸ್ತರರು ಮೊದಲ ರಿಂಗಿಗೇ ಎತ್ತಿದರು.

"ಸದ್ಯ, ಎತ್ತಿದೆಯಲ್ಲ. ಅವತ್ತಿನ ಕರೆ ಇನ್ನೂ ಬಾಕಿ ಇದೆ ಕಣೋ."

"ಇದೆ ಅಕ್ಕ," ಎಂದರು ಮಾಸ್ತರರು.

ಓದುವವರೇ, ಕೇಳುವವರೇ, ಕಡ್ಡಿ ಕಡಿಮೆಯಾಯಿತೆಂದು ಪೇಟೆಯ ಬೂಸ್ಟರ್ ತರಬೇಡಿ. ತಂದಿದ್ದರೆ ಇಂದೇ ಪ್ಲಗ್ಗು ಕಿತ್ತು ಕಂಪನಿಗೆ ತಿಳಿಸಿ. ಗಾಳಿ ಎಲ್ಲರದು, ಅದರಲ್ಲಿ ಸರದಿ ತಪ್ಪಿಸಿದರೆ ಉಸಿರುಗಟ್ಟುವುದು ನೆರೆಮನೆಗೆ. ಮಾಸ್ತರರ ಆ ಒಂದು ಕರೆಯ ಬಾಕಿ ಇನ್ನೂ ತೀರಿಲ್ಲ. ನಿಮ್ಮ ಲೆಕ್ಕಕ್ಕೆ ಅಂಥದೊಂದು ಸೇರದಿರಲಿ.